ಕರಟದ ಕಾರ್ಬನ್ ನಿಕ್ಕಲ್ ಹಿಡಿಯಿತು: ನನ್ನ ಅನುಭವ

"ಅಣ್ಣಾ, ಕಾರ್ಬನ್ ಬಣ್ಣ ತೆಗೆಯುತ್ತೆ, ವಾಸನೆ ತೆಗೆಯುತ್ತೆ. ನಿಕ್ಕಲ್ ಎಲ್ಲಿ ಹಿಡಿಯುತ್ತೆ?" ಪೀಣ್ಯದಲ್ಲಿ ಪ್ಲೇಟಿಂಗ್‌ನವರು ಸಿಕ್ಕಾಗಲೆಲ್ಲ ಇದೇ ಮಾತು. ಈಗ ವರ್ಷದ ಮೇಲಾಯಿತು, ನಮ್ಮ ರಿನ್ಸ್ ನೀರು (ನಿಕ್ಕಲ್ ಲೇಪಿಸಿದ ಮಾಲು ತೊಳೆದ ನೀರು) ಕಾರ್ಬನ್ ತುಂಬಿದ ಕಾಲಮ್ಮಿನಿಂದ ಲೀಟರಿಗೆ 1 ಮಿ.ಗ್ರಾಂ ನಿಕ್ಕಲ್ ಒಳಗೇ ಬರುತ್ತಿದೆ. ಹೊರಬಿಡುವ ನೀರಿಗೆ ಮಿತಿ ಇರುವುದು 3. ಅಂದು ತಲೆಯಾಡಿಸಿದವರೇ ಈಗ ಬಂದು ನೋಡಿ ಹೋಗುತ್ತಿದ್ದಾರೆ.

ಮೊದಲು ಸುಣ್ಣವನ್ನೇ ಹಾಕುತ್ತಿದ್ದೆವು. ನಿಕ್ಕಲ್ ಕೂರಬೇಕಾದರೆ ಪಿಎಚ್ 10ರ ಮೇಲೆ ಏರಿಸಬೇಕು, ಮತ್ತೆ ಆಸಿಡ್ ಹಾಕಿ ಇಳಿಸಬೇಕು. ಉಳಿಯುವ ಕೆಸರನ್ನು ದುಡ್ಡು ಕೊಟ್ಟು ಸಾಗಿಸಬೇಕು, ದುಡ್ಡು ಕೊಟ್ಟು ತಂದ ನಿಕ್ಕಲ್ಲೂ ಅದರ ಜೊತೆಗೇ ಹೋಗುತ್ತದೆ. ಲೋಹವನ್ನು ಹೆಕ್ಕಿ ಹಿಡಿಯುವ ಕಿಲೇಟಿಂಗ್ ರೆಸಿನ್ನಿಗೆ ಕೊಟೇಶನ್ ಕೇಳಿದರೆ 3 ಲಕ್ಷದ ಹತ್ತಿರ ಹೇಳಿದರು.

ಆಗ ಕರಟದ ಕಾರ್ಬನ್ ತಂದೆ. ಕೆ.ಜಿ.ಗೆ ನೂರಿಪ್ಪತ್ತೋ ನೂರಮೂವತ್ತೋ, ಅಯೋಡಿನ್ ನಂಬರ್ (ಕಾರ್ಬನ್ನಿನ ಸಣ್ಣ ರಂಧ್ರಗಳಲ್ಲಿ ಎಷ್ಟು ಜಾಗವಿದೆ ಎಂಬ ಅಳತೆ) ಸಾವಿರದ ಮೇಲೆ. ತುಂಬಿದ ಮರುದಿನವೇ ನಿಕ್ಕಲ್ ಆಚೆ ಬಂತು. ಗ್ರಾಂಗೆ 3 ಮಿ.ಗ್ರಾಂ ಹಿಡಿದಿದ್ದರೆ ಹೆಚ್ಚು. ಉಗಿಯಲ್ಲಿ ತಯಾರಾದ ಕಾರ್ಬನ್ನಿನಲ್ಲಿ ಜಾಗ ಬೇಕಾದಷ್ಟಿದೆ, ಹಿಡಿಯುವ ಕೈ ಇಲ್ಲ. ಆ ಕೈ ಅಂದರೆ ಮೇಲ್ಮೈಯ ಕಾರ್ಬಾಕ್ಸಿಲ್, ಲೋಹದ ಅಯಾನು ಹಿಡಿಯುವ ಆಮ್ಲ ಗುಂಪು. ಅದನ್ನು ನೈಟ್ರಿಕ್ ಆಸಿಡ್‌ನಿಂದ ಹುಟ್ಟಿಸಬೇಕು.

ಅದಕ್ಕೇ ಹಣ ಸುರಿದದ್ದು. ಗಟ್ಟಿ ಆಸಿಡ್‌ನಲ್ಲಿ ಕುದಿಸಿದ ಬ್ಯಾಚುಗಳ ಕಾಳು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಕಾಲಮ್ಮಿಗೆ ಹಾಕಿದರೆ ನೀರೇ ಇಳಿಯದು. ಒಂದಕ್ಕೊಂದು ನೀರು ಬೆರೆಸಿ, ಕುದಿಯಲು ಬಿಡದೆ ಬಿಸಿ ಹಿಡಿದಾಗ ಕಾಳು ಉಳಿಯಿತು. ಏಳುವ ಕಂದು ಹೊಗೆಗೆ ಕಾಸ್ಟಿಕ್ ಸ್ಕ್ರಬ್ಬರ್ (ಹೊಗೆಯನ್ನು ಕಾಸ್ಟಿಕ್ ಸೋಡಾ ನೀರಲ್ಲಿ ತೊಳೆಯುವ ಗೋಪುರ) ಕಟ್ಟಿಸಲು 35 ಸಾವಿರ ಆಯಿತು. ಅಲ್ಲಿ ಮಾತ್ರ ಖರ್ಚಿಗೆ ಕೈ ಬಿಗಿ ಹಿಡಿಯಬೇಡಿ: ಆ ಹೊಗೆ ಕುಡಿದವನು ಸಂಜೆ ಚೆನ್ನಾಗಿಯೇ ಮನೆಗೆ ಹೋಗಿ, ರಾತ್ರಿ ಉಸಿರಾಡಲಾಗದೆ ಆಸ್ಪತ್ರೆ ಸೇರಬಹುದು.

ಆಮೇಲಿನ ಕಾಟ ಚಹಾ ಬಣ್ಣದ ನೀರು. ಆಸಿಡ್ ತಿಂದ ಕಾರ್ಬನ್ನಿನ ಚೂರುಪಾರು ಕರಗಿ ಬರುತ್ತಲೇ ಇರುತ್ತದೆ, ಬರೀ ನೀರಿಗೆ ಜಗ್ಗದು. ತೆಳು ಕಾಸ್ಟಿಕ್‌ನಲ್ಲಿ ತೊಳೆದರೆ ಒಮ್ಮೆಲೇ ಕಪ್ಪಗೆ ಬಿಟ್ಟು ತಿಳಿಯಾಗುತ್ತದೆ. ಕೊನೆಗೆ ಸೋಡಿಯಂ ರೂಪಕ್ಕೆ ತರುತ್ತೇನೆ, ಅಂದರೆ ಆ ಕೈಗಳಲ್ಲಿ ಸೋಡಿಯಂ ಕೂರಿಸುತ್ತೇನೆ. ಯಾವುದರಲ್ಲಿ, ಎಷ್ಟು ಹೊತ್ತು ಎಂಬುದು ನನ್ನಲ್ಲೇ ಇರಲಿ. ಅಯೋಡಿನ್ ನಂಬರ್ ಏಳುನೂರಕ್ಕೆ ಇಳಿದಿತ್ತು. ಮಾರಿದವನು "ಮಾಲು ಹಾಳು ಮಾಡಿಬಿಟ್ರಿ ಸಾರ್" ಅಂದ. ಅದೇ ಮಾಲು ಗ್ರಾಂಗೆ 14 ಮಿ.ಗ್ರಾಂ ನಿಕ್ಕಲ್ ಹಿಡಿಯಿತು!

ಅದೂ ಬೋರ್‌ವೆಲ್ ನೀರು ಬಿಟ್ಟ ಮೇಲೆ. ನಮ್ಮ ಗಡಸು ನೀರಿನ ಕ್ಯಾಲ್ಸಿಯಂ ಅರ್ಧ ಜಾಗ ತಿನ್ನುತ್ತಿತ್ತು. ಈಗ ರಿನ್ಸಿಗೆ ಆರ್‌ಒ ನೀರು, ಮಳೆಗಾಲದಲ್ಲಿ ಸಂಪಿನ ಮಳೆನೀರು. ಒಳಹೋಗುವ ನೀರಲ್ಲಿ ನಿಕ್ಕಲ್ 40–50 ಮಿ.ಗ್ರಾಂ, ಪಿಎಚ್ 5.5ರ ಸುಮಾರು, ಗಂಟೆಗೆ 200 ಲೀಟರ್. ಮುಂದಿನ ಕಾಲಮ್ಮಿನಲ್ಲಿ 60 ಕೆ.ಜಿ., ಹಿಂದೆ ಕಾವಲಿಗೆ ಅಷ್ಟೇ ಇನ್ನೊಂದು. ಸಂಜೆ ಹುಡುಗ ಮುಂದಿನ ಕಾಲಮ್ಮಿನಿಂದ ಬಂದ ನೀರಿನ ಒಂದು ಹನಿಯನ್ನು ಫಿಲ್ಟರ್ ಪೇಪರ್ ಮೇಲೆ ಇಟ್ಟು, ಅಮೋನಿಯಾ ತಾಗಿಸಿ, ಡಿಎಂಜಿ (ಡೈಮೀಥೈಲ್ ಗ್ಲೈಆಕ್ಸಿಮ್, ನಿಕ್ಕಲ್ ಪತ್ತೆಹಚ್ಚುವ ರಾಸಾಯನಿಕ) ಬಿಡುತ್ತಾನೆ. ಗುಲಾಬಿ ಉಂಗುರ ಮೂಡಿದರೆ ಕಾಲಮ್ ತುಂಬಿದೆ ಎಂದರ್ಥ. ಎಂಟೊಂಬತ್ತು ದಿನಕ್ಕೊಮ್ಮೆ ಮೂಡುತ್ತದೆ.

ಹಿಡಿದ ನಿಕ್ಕಲ್ಲನ್ನು ಬಿಡಿಸಲು 5% ಸಲ್ಫ್ಯೂರಿಕ್ ಆಸಿಡ್. ಹೈಡ್ರೋಕ್ಲೋರಿಕ್ ಬಳಸಿದರೆ ಬಾತಿಗೆ (ಪ್ಲೇಟಿಂಗ್ ತೊಟ್ಟಿಯ ದ್ರಾವಣಕ್ಕೆ) ಕ್ಲೋರೈಡ್ ಏರುತ್ತದೆ. ಬಂದ ಹಸಿರು ನೀರಿಗೆ ಸೋಡಾ ಆಶ್ ಹಾಕಿ ನಿಕ್ಕಲ್ ಕಾರ್ಬೊನೇಟ್ ಕೂರಿಸಿ, ಚೆನ್ನಾಗಿ ತೊಳೆದು, ಬಾತಿನ ಪಿಎಚ್ ಬಿದ್ದಾಗ ಅದನ್ನೇ ಹಾಕುತ್ತೇವೆ. ಹೊರಗಿಂದ ಕಾರ್ಬೊನೇಟ್ ಕೊಳ್ಳುವುದೇ ನಿಂತಿದೆ. ಒಟ್ಟು ಖರ್ಚು ಒಂದೂವರೆ ಲಕ್ಷ ದಾಟಲಿಲ್ಲ.

ನಡುವೆ ಅಡಿಕೆ ಸಿಪ್ಪೆಯ ಇದ್ದಿಲನ್ನೂ ಹೀಗೇ ಮಾಡಿ ನೋಡಿದೆ. ಹಿಡಿಯುವುದೇನೋ ಹಿಡಿಯಿತು, ಆದರೆ ಮೆತ್ತಗೆ, ಬ್ಯಾಕ್‌ವಾಶ್‌ನಲ್ಲಿ (ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ಕಾಲಮ್ ತೊಳೆಯುವಾಗ) ತೇಲಿಹೋಯಿತು. ಕ್ರೋಮ್ ನೀರಿಗಂತೂ ಇದು ಬೇಡ. ಕ್ರೋಮೇಟ್ ಋಣ ಅಯಾನು, ಈ ಮೇಲ್ಮೈಯೂ ಋಣವೇ, ಅದನ್ನು ದೂರ ತಳ್ಳುತ್ತದೆ. ಅದಕ್ಕೆ ನೈಟ್ರಿಕ್ ತಾಗದ ಕಾರ್ಬನ್ನೇ, ಪಿಎಚ್ 2ರಲ್ಲಿ, ವಾಸಿ. ಎಲೆಕ್ಟ್ರೋಲೆಸ್ ನಿಕ್ಕಲ್ (ಕರೆಂಟ್ ಇಲ್ಲದೆ ರಾಸಾಯನಿಕದಿಂದಲೇ ಲೇಪಿಸುವ ವಿಧಾನ) ನೀರನ್ನೂ ಬೆರೆಸಬೇಡಿ: ಅದರಲ್ಲಿನ ಸಿಟ್ರೇಟ್ ನಿಕ್ಕಲ್ಲನ್ನು ಬಿಗಿಹಿಡಿದು ಕಾಲಮ್ ದಾಟಿಸಿಬಿಡುತ್ತದೆ. ನಾವು ಅದನ್ನು ಬೇರೆ ಡ್ರಮ್ಮಿನಲ್ಲೇ ಹಿಡಿಯುತ್ತೇವೆ.