ಸ್ಟ್ಯಾಂಡರ್ಡ್ ಖಾತೆಯಲ್ಲೇ ಇದ್ದು ಅಡ್ಮಿನ್ ಕೆಲಸ ಮಾಡುವುದು ಹೇಗೆ?

ವಿಂಡೋಸ್ ಕಂಪ್ಯೂಟರಿನಲ್ಲಿ ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆ (ಇಡೀ ಸಿಸ್ಟಂ ಬದಲಿಸುವ ಅಧಿಕಾರ ಇಲ್ಲದ ಸಾಮಾನ್ಯ ಖಾತೆ) ಬಳಸುವುದು ಒಳ್ಳೆಯ ಅಭ್ಯಾಸ. ತಪ್ಪಿ ಯಾವುದೋ ಕೆಟ್ಟ ಫೈಲ್ ತೆರೆದರೂ ಅದು ಇಡೀ ಸಿಸ್ಟಂಗೆ ಕೈಹಾಕುವುದು ಕಷ್ಟ. ಆದರೆ ಗಡಿಯಾರ ತಿದ್ದಲು ಹೋದರೂ ಪಾಸ್‌ವರ್ಡ್ ಕೇಳುತ್ತದಲ್ಲ ಎಂದು ಬೇಸತ್ತು ಕೆಲವರು ತಮ್ಮ ಖಾತೆಯನ್ನೇ ಅಡ್ಮಿನ್ (ಸಿಸ್ಟಂ ಬದಲಿಸುವ ಅಧಿಕಾರವಿರುವ ಖಾತೆ) ಮಾಡಿಕೊಂಡುಬಿಡುತ್ತಾರೆ. ಅದು ಬೇಕಾಗಿಲ್ಲ. ಒಂದು ಕೆಲಸಕ್ಕೆ ಮಾತ್ರ ಅಡ್ಮಿನ್ ಅನುಮತಿ ಪಡೆಯುವ ದಾರಿ 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗಿನಿಂದಲೂ ಇದೆ. ಅಡ್ಮಿನ್ ಪಾಸ್‌ವರ್ಡ್ ನಿಮಗೆ ಗೊತ್ತಿರಬೇಕು, ಇಲ್ಲವೇ ಗೊತ್ತಿರುವವರು ಪಕ್ಕದಲ್ಲಿರಬೇಕು, ಅಷ್ಟೆ.

ಗಡಿಯಾರದಿಂದಲೇ ಶುರು ಮಾಡೋಣ. ಸ್ಟಾರ್ಟ್ ಒತ್ತಿ, ಕಂಟ್ರೋಲ್ ಪ್ಯಾನೆಲ್ ಎಂದು ಹುಡುಕಿ ತೆರೆಯಿರಿ. ಅದರಲ್ಲಿ ‘ಡೇಟ್ ಆ್ಯಂಡ್ ಟೈಮ್’ಗೆ ಹೋಗಿ. ‘ಚೇಂಜ್ ಡೇಟ್ ಆ್ಯಂಡ್ ಟೈಮ್’ ಬಟನ್ ಮೇಲೆ ಪುಟ್ಟ ಗುರಾಣಿಯ ಚಿತ್ರ ಕಾಣುತ್ತದೆ. ಕೆಳಗಿನ ‘ಚೇಂಜ್ ಟೈಮ್ ಝೋನ್’ ಮೇಲೆ ಅದು ಇಲ್ಲ. ಗುರಾಣಿ ಇದ್ದ ಕಡೆ ಅಡ್ಮಿನ್ ಅನುಮತಿ ಬೇಕು. ಟೈಮ್ ಝೋನ್ ಬದಲಿಸಿದರೆ ಸಮಯ ತೋರಿಸುವ ರೀತಿ ಮಾತ್ರ ಬದಲಾಗುತ್ತದೆ. ಗಡಿಯಾರವನ್ನೇ ಹಿಂದೆ ಮುಂದೆ ಮಾಡಿದರೆ ವೆಬ್‌ಸೈಟ್‌ಗಳ ಭದ್ರತಾ ಪರೀಕ್ಷೆಯೂ ಕೆಡಬಹುದು, ಸಿಸ್ಟಂನ ದಾಖಲೆಗಳ ಸಮಯವೂ ತಪ್ಪಾಗುತ್ತದೆ. ಅದಕ್ಕೇ ಈ ಕಾವಲು.

ಗುರಾಣಿಯ ಬಟನ್ ಒತ್ತಿದರೆ ಸಾಮಾನ್ಯವಾಗಿ ಪರದೆ ಮಸುಕಾಗಿ ಒಂದು ಪೆಟ್ಟಿಗೆ ಬರುತ್ತದೆ. ಆತುರದಲ್ಲಿ ಪಾಸ್‌ವರ್ಡ್ ಒತ್ತಬೇಡಿ. ಕೇಳುತ್ತಿರುವ ಪ್ರೋಗ್ರಾಂ ಯಾವುದು, ತಯಾರಕರ ಹೆಸರು ಇದೆಯೇ ಎಂದು ಓದಿ. ನೀವು ಏನೂ ಒತ್ತದೆ ಈ ಪೆಟ್ಟಿಗೆ ತಾನಾಗಿ ಬಂದರೆ ‘ನೋ’ ಒತ್ತಿ. ಎಲ್ಲ ಸರಿ ಇದ್ದರೆ ಅಡ್ಮಿನ್ ಖಾತೆ ಆರಿಸಿ, ಪಾಸ್‌ವರ್ಡ್ ಕೊಟ್ಟು ‘ಯೆಸ್’ ಒತ್ತಿ.

ಗುರಾಣಿ ಇಲ್ಲದ ಪ್ರೋಗ್ರಾಂ ಆದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ಸ್ಟಾರ್ಟ್‌ನಲ್ಲಿ ಹೆಸರು ಹುಡುಕಿ ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೂ ಆಗುತ್ತದೆ.

ಜಾಸ್ತಿ ಜನ ಎಡವುವುದು ಇಲ್ಲಿಂದ ಮುಂದೆ. ಹೀಗೆ ತೆರೆದ ಪ್ರೋಗ್ರಾಂ ನಿಮ್ಮ ಹೆಸರಿನಲ್ಲಿ ನಡೆಯುವುದಿಲ್ಲ, ಪಾಸ್‌ವರ್ಡ್ ಕೊಟ್ಟ ಅಡ್ಮಿನ್ ಹೆಸರಿನಲ್ಲಿ ನಡೆಯುತ್ತದೆ. ಬೇಕಾದರೆ ನೋಟ್‌ಪ್ಯಾಡನ್ನು ಹೀಗೆ ತೆರೆದು, ಫೈಲ್ ಓಪನ್‌ಗೆ ಹೋಗಿ ಡಾಕ್ಯುಮೆಂಟ್ಸ್ ನೋಡಿ. ಕಾಣುವುದು ಅಡ್ಮಿನ್‌ನ ಫೋಲ್ಡರ್, ನಿಮ್ಮದಲ್ಲ. ಡೆಸ್ಕ್‌ಟಾಪ್‌ಗೆ ಸೇವ್ ಮಾಡಿದ ಫೈಲ್ ಕೂಡ ಆ ಖಾತೆಯ ಡೆಸ್ಕ್‌ಟಾಪ್‌ಗೇ ಹೋಗುತ್ತದೆ. ಹಾಗಾಗಿ ಗಡಿಯಾರ, ನೆಟ್‌ವರ್ಕ್‌ನಂಥ ಇಡೀ ಕಂಪ್ಯೂಟರಿನ ಸೆಟ್ಟಿಂಗ್‌ಗಳಿಗೆ ಈ ದಾರಿ ಸರಿ. ನಿಮ್ಮ ಖಾತೆಗೆ ಮಾತ್ರ ಸೇರಿದ ಸೆಟ್ಟಿಂಗ್ ಬದಲಿಸಲು ಹೋದರೆ ಬದಲಾಗುವುದು ಅಡ್ಮಿನ್‌ನದು. ಸಾಫ್ಟ್‌ವೇರ್ ಹಾಕುವಾಗ ‘ನನಗೆ ಮಾತ್ರ’, ‘ಎಲ್ಲರಿಗೂ’ ಎಂದು ಕೇಳಿದರೆ ‘ಎಲ್ಲರಿಗೂ’ ಆರಿಸಿ.

‘ಯೆಸ್’ ಬಟನ್ ಮಂಕಾಗಿದ್ದು, ಪಾಸ್‌ವರ್ಡ್ ಹಾಕಲು ಜಾಗವೇ ಇಲ್ಲವೇ? ಬಳಕೆಯಲ್ಲಿರುವ ಅಡ್ಮಿನ್ ಖಾತೆಯೇ ಕಂಪ್ಯೂಟರಿನಲ್ಲಿ ಇಲ್ಲದಿದ್ದಾಗ ಹೀಗಾಗುತ್ತದೆ. ಆದ್ದರಿಂದ ನಿಮ್ಮ ಖಾತೆಯನ್ನು ಸ್ಟ್ಯಾಂಡರ್ಡ್ ಮಾಡುವ ಮೊದಲೇ ಬೇರೊಂದು ಅಡ್ಮಿನ್ ಖಾತೆ ತೆರೆದು, ಅದಕ್ಕೆ ಲಾಗಿನ್ ಆಗಿ ನೋಡಿಕೊಳ್ಳಿ.

ಕಚೇರಿಯ ಕಂಪ್ಯೂಟರಾದರೆ ಪಾಸ್‌ವರ್ಡ್ ದಾಟುವ ಉಪಾಯ ಹುಡುಕಬೇಡಿ, ಐಟಿಯವರನ್ನು ಕೇಳಿ. ಪದೇ ಪದೇ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ಬದಲಿಸುವುದು ನಿಮ್ಮ ಕೆಲಸವಾಗಿದ್ದರೆ, ‘ನೆಟ್‌ವರ್ಕ್ ಕಾನ್ಫಿಗರೇಶನ್ ಆಪರೇಟರ್ಸ್’ ಗುಂಪಿಗೆ ಸೇರಿಸಲು ಹೇಳಿ. ಪೂರ್ತಿ ಅಡ್ಮಿನ್ ಅಧಿಕಾರ ಇಲ್ಲದೆಯೇ ಆ ಕೆಲಸ ಆಗುತ್ತದೆ. ಸೇರಿಸಿದ ಮೇಲೆ ಒಮ್ಮೆ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗಿ, ಅಲ್ಲಿಯವರೆಗೆ ಹೊಸ ಅಧಿಕಾರ ಜಾರಿಗೆ ಬರುವುದಿಲ್ಲ.