ಬೆಲ್ಲದ ಮಂಡಿಯ ಪಟ್ಟಿಗೆ ನಾನು ಡಬ್ಲ್ಯೂಎಕ್ಸ್ ಹಿಡಿದ ಬಗೆ

ಮಂಡ್ಯದಲ್ಲಿ ನನ್ನ ಸೋದರಮಾವನದು ಬೆಲ್ಲದ ಮಂಡಿ. ಅಚ್ಚು, ಬಕೆಟ್, ಕುರಿಕಟ್ಟು ಎಂದು ಬೆಲ್ಲದ ಬಗೆ, ತೂಕ, ದರ, ಹಮಾಲಿ, ಕೊಟ್ಟ ಮುಂಗಡ, ಇವಿಷ್ಟನ್ನು ಲೆಕ್ಕ ಹಾಕಿ ರೈತನ ಕೈಗೆ ಕನ್ನಡದ ಪಟ್ಟಿ ಕೊಡಬೇಕು. ಅಂಗಡಿಯಲ್ಲಿರುವುದು 2 ಜಿಬಿ ರ‍್ಯಾಮ್‌ನ 32 ಬಿಟ್ ವಿಂಡೋಸ್ 7. ನನ್ನ ಬಳಿ ಲಿನಕ್ಸ್, ಲೆಕ್ಕ ಪರಿಶೋಧಕರ ಬಳಿ ಮ್ಯಾಕ್. ಮೂರರಲ್ಲೂ ಓಡಬೇಕು, ಬೇರೆ ಮಂಡಿಯವರೂ ಬಳಸುವಂತೆ ಮುಕ್ತ ತಂತ್ರಾಂಶವಾಗಿರಬೇಕು ಎಂದು ಹಟ ಹಿಡಿದೆ. ಕೊನೆಗೆ ಕೈಹಿಡಿದದ್ದು ತಂತ್ರಾಂಶದ ಪರದೆ ಕಟ್ಟುವ ಡಬ್ಲ್ಯೂಎಕ್ಸ್‌ವಿಜೆಟ್ಸ್ ಎಂಬ ಸಲಕರಣೆ, ಅದಕ್ಕೂ ಮೊದಲು ಬೇರೆ ದಾರಿಗಳನ್ನು ನೋಡಿದೆ.

ಮೊದಲು ಪೈಥಾನ್ ಭಾಷೆ, ಜೊತೆಗೆ ಪರದೆ ಕಟ್ಟಲು ಟಿಕೆ ಎಂಬ ಸಲಕರಣೆ. ಎರಡು ವಾರದಲ್ಲಿ ಪರದೆಗಳು ಸಿದ್ಧವಾದವು. ವಿಂಡೋಸ್‌ನಲ್ಲಿ ಎಲ್ಲವೂ ಸರಿ. ಲಿನಕ್ಸ್‌ನಲ್ಲಿ ತೆರೆದರೆ ‘ಮಂಡ್ಯ’ದ ‘ಡ’ ಒಂದು ಕಡೆ, ಹಲಂತ ಒಂದು ಕಡೆ, ‘ಯ’ ಇನ್ನೊಂದು ಕಡೆ. ‘ಬೆಲ್ಲ’ವೂ ಹಾಗೆಯೇ. ಫಾಂಟ್ ತಪ್ಪೆಂದು ಹತ್ತು ದಿನ ಫಾಂಟ್ ಬದಲಿಸುತ್ತಾ ಕುಳಿತೆ. ಕಾರಣ ಅದಲ್ಲ: ಲಿನಕ್ಸ್‌ನ ಟಿಕೆ 8.6 ಅಕ್ಷರಗಳನ್ನು ಒಂದರ ಪಕ್ಕ ಒಂದಾಗಿ ಇಡುತ್ತದೆಯೇ ಹೊರತು ಒತ್ತಕ್ಷರ ಕಟ್ಟುವುದಿಲ್ಲ.

ಆಮೇಲೆ ಎಲೆಕ್ಟ್ರಾನ್, ಅಂದರೆ ಬ್ರೌಸರನ್ನೇ ಒಳಗಿಟ್ಟುಕೊಂಡು ಓಡುವ ಚೌಕಟ್ಟು. ಕನ್ನಡ ಅಚ್ಚುಕಟ್ಟಾಗಿ ಮೂಡಿತು. ಆದರೆ ಅಂಗಡಿಯ ಯಂತ್ರದಲ್ಲಿ ತೆರೆಯಲು ಮುಕ್ಕಾಲು ನಿಮಿಷ. ತೂಕದ ಮುಂದೆ ರೈತ ನಿಂತಿರುವಾಗ ಅದು ಬಹಳ ದೀರ್ಘ. ಸುಮಾರು 1,200 ರೂಪಾಯಿ ಕೊಟ್ಟು 4 ಜಿಬಿ ರ‍್ಯಾಮ್ ಹಾಕಿಸಿದೆ. 32 ಬಿಟ್ ವಿಂಡೋಸ್‌ಗೆ ಅದರಲ್ಲಿ ಮೂರು ಚಿಲ್ಲರೆ ಮಾತ್ರ ಕಂಡಿತು. 2023ರಲ್ಲಿ ಎಲೆಕ್ಟ್ರಾನ್ 23 ಬಂದಾಗ ವಿಂಡೋಸ್ 7ರ ಬೆಂಬಲವೇ ನಿಂತಿತು. ನಾಲ್ಕು ತಿಂಗಳ ರಾತ್ರಿಗಳ ಕೆಲಸ ಹೋಯಿತು.

ಇದೇ ಕೆಲಸದ ಇನ್ನೊಂದು ಸಲಕರಣೆ ಕ್ಯೂಟಿ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಹೊಸ ಯಂತ್ರಗಳಿದ್ದರೆ ಅದನ್ನೇ ಆರಿಸುತ್ತಿದ್ದೆ. ಕ್ಯೂಟಿ 6 ವಿಂಡೋಸ್ 7ರಲ್ಲಿ ಓಡುವುದಿಲ್ಲ. ಹೊಸ ಕೆಲಸವನ್ನು ಅದರ ಹಿಂದಿನ ಆವೃತ್ತಿ 5.15ರ ಮೇಲೆ ಕಟ್ಟಲು ಮನಸ್ಸು ಒಪ್ಪಲಿಲ್ಲ.

ಉಳಿದದ್ದು ಡಬ್ಲ್ಯೂಎಕ್ಸ್‌ವಿಜೆಟ್ಸ್. ಮೈಸೂರಿನ ಗೆಳೆಯರು ಒಪ್ಪಲಿಲ್ಲ. ‘1992ರಲ್ಲಿ ಶುರುವಾದದ್ದು, ಅದೂ ಸಿ++, ಒಬ್ಬನೇ ಎಷ್ಟು ದಿನ ಏಗುತ್ತೀಯ?’ ಎಂದರು. ನನ್ನ ಲೆಕ್ಕ ಬೇರೆಯೇ ಇತ್ತು. ಅದು ಆಯಾ ವ್ಯವಸ್ಥೆಯ ಗುಂಡಿ, ಪೆಟ್ಟಿಗೆಗಳನ್ನೇ ಬಳಸುತ್ತದೆ. ಲಿನಕ್ಸ್‌ನಲ್ಲಿ ಪರದೆ ಕಟ್ಟುವ ಜಿಟಿಕೆ, ಅದರ ಹಿಂದೆ ಅಕ್ಷರ ಜೋಡಿಸುವ ಪ್ಯಾಂಗೋ. ಒತ್ತಕ್ಷರ ಕಟ್ಟುವ ಹೊಣೆ ಅವುಗಳದು. ವಿಂಡೋಸ್‌ನಲ್ಲಿ ಆ ಕೆಲಸ ವಿಂಡೋಸ್‌ನದೇ. 3.2ನೆಯ ಆವೃತ್ತಿ ವಿಂಡೋಸ್ ಎಕ್ಸ್‌ಪಿಯನ್ನೂ ಕೈಬಿಟ್ಟಿಲ್ಲ. ಸ್ಟ್ಯಾಟಿಕ್ ಲಿಂಕ್ ಮಾಡಿದೆ, ಅಂದರೆ ಬೇಕಾದ ಲೈಬ್ರರಿಗಳನ್ನೆಲ್ಲ ಒಳಗೇ ಸೇರಿಸಿದೆ, ಲೆಕ್ಕ ಉಳಿಸುವ ದತ್ತಸಂಚಯ ಎಸ್‌ಕ್ಯೂಲೈಟ್ ಸೇರಿ ಒಂದೇ ಕಡತ, 8 ಎಂಬಿ ಆಸುಪಾಸು. ಅಂಗಡಿಯಲ್ಲಿ ಎರಡು ಸೆಕೆಂಡಿನೊಳಗೆ ತೆರೆಯಿತು. ಅದೇ ಗೆಳೆಯರನ್ನು ಕರೆದು ತೋರಿಸಿದೆ.

ತೊಂದರೆ ಇರಲಿಲ್ಲವೆಂದಲ್ಲ. ಸಾಲಿನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಕೊಟ್ಟಿದ್ದೆ, ಒತ್ತಕ್ಷರಗಳ ಕಾಲು ಕತ್ತರಿಸಿಹೋದವು. ಎಲ್ಲವನ್ನೂ ಅಳತೆ ತಾನೇ ಹೊಂದಿಸುವ ಸೈಜರ್‌ಗೆ ಬಿಟ್ಟ ಮೇಲೆ ಸರಿಹೋಯಿತು. ಕಾಲಂ ಸಾಲದಾಗ ಪಠ್ಯವನ್ನು ನಾನೇ ತುಂಡು ಮಾಡುತ್ತಿದ್ದೆ, ‘ಶ್ರೀರಂಗಪಟ್ಟಣ’ ‘ಶ್ರೀರಂಗಪಟ್’ ಆಯಿತು. ತುಂಡರಿಸುವುದು ಪೂರ್ತಿ ಅಕ್ಷರದ ಗಡಿಯಲ್ಲಿ ಆಗಬೇಕು, ಕೋಡ್‌ಪಾಯಿಂಟ್ ಎಂಬ ಬಿಡಿ ಸಂಕೇತದ ಗಡಿಯಲ್ಲಲ್ಲ. ಮ್ಯಾಕ್‌ಗಾಗಿ ಹಳೆಯ ಮ್ಯಾಕ್ ಮಿನಿ ಒಂದನ್ನು 22,000 ರೂಪಾಯಿಯ ಆಸುಪಾಸಿನಲ್ಲಿ ಕೊಂಡೆ. ಆಪಲ್‌ಗೆ ಡೆವಲಪರ್ ಸದಸ್ಯತ್ವಕ್ಕೆಂದು ವರ್ಷಕ್ಕೆ 99 ಡಾಲರ್ ಕಟ್ಟಲಿಲ್ಲ, ಬಳಸುವವರು ಒಬ್ಬರೇ ಆದ್ದರಿಂದ ನಾನೇ ಹೋಗಿ ಹಾಕಿಕೊಟ್ಟೆ.

ನಡುವೆ 58 ಮಿ.ಮೀ. ಥರ್ಮಲ್ ಪ್ರಿಂಟರ್‌ನ ಗೀಳು ಹತ್ತಿತು. ಅದಕ್ಕೆ ಕನ್ನಡ ಬಾರದು. ಪಟ್ಟಿಯನ್ನು 384 ಚುಕ್ಕೆ ಅಗಲದ ಬಿಟ್‌ಮ್ಯಾಪ್ ಆಗಿ ಬರೆದು ಕಳುಹಿಸಿದೆ. ಮೊದಮೊದಲು ಒತ್ತಕ್ಷರಗಳು ಮಸಿಯಂತೆ ಕಲಸಿಹೋಗುತ್ತಿದ್ದವು, ಎಂಟೊಂಬತ್ತು ರೋಲು ಕಾಗದ ಹಾಳಾಯಿತು. ಈಗ ಎಪ್ಪತ್ತರ ರೈತರೂ ಕನ್ನಡಕವಿಲ್ಲದೆ ಓದುತ್ತಾರೆ. ಅದರ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಕೋಡ್ ತೆರೆದೇ ಇದೆ, ಹುಡುಕಿದವರಿಗೆ ಸಿಗುತ್ತದೆ.

ಕಳೆದ ಹಂಗಾಮಿನಲ್ಲಿ ನಾಲ್ಕು ಸಾವಿರದಷ್ಟು ಪಟ್ಟಿ ಬರೆದಿದ್ದೇವೆ. ಪಕ್ಕದ ಮಂಡಿಯವರೂ ಕೇಳಿದ್ದಾರೆ. ಅವರ ಹಳೆಯ ಲೆಕ್ಕವೆಲ್ಲ ಕನ್ನಡದ ಬೆರಳಚ್ಚು ತಂತ್ರಾಂಶ ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿದೆ, ಅದನ್ನು ಇಂದಿನ ಅಕ್ಷರ ಸಂಕೇತ ಯೂನಿಕೋಡ್‌ಗೆ ಬದಲಿಸಬೇಕು. ಆಸ್ಕಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ‘ಖರ್ಚು’ ಸರಿಯಾಗಿ ಬದಲಾಗುತ್ತಿದೆ. ‘ಮಾರ್ಗ’ ಇನ್ನೂ ತಪ್ಪುತ್ತಿದೆ, ಈ ವಾರ ಅದರ ಮೇಲೆ ಕುಳಿತಿದ್ದೇನೆ.