ಸ್ಪೀಕರ್ ದನಿ ಒಡೆಯುವ ಮುನ್ನ

ಕಂಪ್ಯೂಟರ್ ಸ್ಪೀಕರಿನ ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿದಾಗ ಧ್ವನಿಯಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಸ್ಪೀಕರಿನೊಳಗಿನ ತಂತಿಸುರುಳಿ (ವಾಯ್ಸ್ ಕಾಯಿಲ್) ಬಿಸಿಯಾಗುತ್ತದೆ. ಹೆಚ್ಚಾಗಿ ಮೊದಲು ಬಲಿಯಾಗುವುದು ಎತ್ತರದ ಸ್ವರಗಳನ್ನು ನುಡಿಸುವ ಪುಟ್ಟ ಟ್ವೀಟರ್. ಹಾಡಿನಲ್ಲಿ ‘ಸ’ಕಾರ ಕರಕರ ಎಂದರೆ, ಡೋಲಿನ ಪೆಟ್ಟು ‘ಧಂ’ ಎನ್ನದೆ ‘ಪಟ್’ ಎಂದರೆ ಆ ಕ್ಷಣವೇ ವಾಲ್ಯೂಮ್ ಇಳಿಸಿ. ದನಿ ಒಡೆಯುವ ಜಾಗಕ್ಕಿಂತ ಕೊಂಚ ಹಿಂದೆ, ಗುಂಡಿಯ ಪಕ್ಕದಲ್ಲಿ ನಾನೊಂದು ಬಿಳಿ ಚುಕ್ಕೆ ಇಟ್ಟಿದ್ದೇನೆ. ಮನೆಗೆ ಬರುವ ಉತ್ಸಾಹಿಗಳಿಗೂ ಅದೇ ಲಕ್ಷ್ಮಣರೇಖೆ. ತಗ್ಗು-ಎತ್ತರದ ಸ್ವರಗಳನ್ನು ಬೇರೆಬೇರೆಯಾಗಿ ಹೊಂದಿಸುವ ಈಕ್ವಲೈಜರಿನಲ್ಲಿ ಬಾಸ್ (ತಗ್ಗು ಸ್ವರ) ಏರಿಸುವ ಚಟ ನನಗೆ ಸೇರುವುದಿಲ್ಲ. 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ಸುಮಾರು ನಾಲ್ಕು ಪಟ್ಟು ವಿದ್ಯುತ್ ಶಕ್ತಿ ಬೇಕು! ಏರಿಸಲೇಬೇಕೆಂದರೆ ಈಕ್ವಲೈಜರಿನಲ್ಲಿ ಒಟ್ಟು ಮಟ್ಟ ಹೊಂದಿಸುವ ‘ಪ್ರಿಆಂಪ್’ ಅನ್ನು ಅಷ್ಟೇ ಇಳಿಸಿ. ಸ್ಪೀಕರನ್ನು ಕಂಪ್ಯೂಟರಿನ ನಂತರ ಆನ್ ಮಾಡಿ, ಅದಕ್ಕಿಂತ ಮೊದಲು ಆಫ್ ಮಾಡಿ. ಕೇಬಲ್ ಸಿಕ್ಕಿಸುವಾಗ ಗುಂಡಿ ಸೊನ್ನೆಯಲ್ಲಿರಲಿ.